ಅಗಿದ ತುತ್ತು

ಗದಗಿನ ಕಡೆಯ ಮಲಿಕಾಬಿ ಆಫ್ರಿಕಾದ ಘಾನಾ ದೇಶದ ಅಕ್ರಾ ಪಟ್ಟಣದಲ್ಲಿ ಎಂಟು ವರ್ಷ ಸಂಸಾರ ಮಾಡಿದವಳು. ಗಂಡ ರಹೀಮಸಾಬ ಅಲ್ಲಿ ಒಬ್ಬ ಸಿಂಧಿ ಸಾಹುಕಾರನ ಬಟ್ಟೆ ಅಂಗಡಿಯಲ್ಲಿದ್ದ. ಸಾಹುಕಾರನ ಅತಿಥಿಗಳಿಗೆ ಸಂಜೆ ಊರು ತೋರಿಸುವ ಕೆಲಸವೂ ಅವನ ಪಾಲಿಗೇ ಬಂದಿತ್ತು. ಮಲಿಕಾಬಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಸುಗಳನ್ನು ಮಲಗಿಸಿ, ಅವನು ಬಂದ ಮೇಲೆ, "ಇವತ್ತೇನ್ ತಿಂದ್ರಿ?" ಎಂದು ಕೇಳುವಳು. ಅವನು ಹೇಳುವನು. ಅಷ್ಟೇ ಆಕೆ ಕಂಡ ಅಕ್ರಾ.

ಮುಂದೆ ಮಗ ಕಲೀಮನ ಜೊತೆ ಇರಲು ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಬಂದ ಮೇಲೆ, ಮನೆಗೆ ಯಾರೇ ಬರಲಿ, ರಹೀಮಸಾಬ ಅಕ್ರಾದ ಮಾತು ತೆಗೆಯುತ್ತಿದ್ದ. ಕಪ್ಪು ನಕ್ಷತ್ರದ ಕಮಾನು, ಸಮುದ್ರದಂಡೆಯಲ್ಲಿ ಕೆಂಡದ ಮೇಲೆ ಸುಡುವ ಮೀನು, ಖಾರ ಹಚ್ಚಿ ಕರಿದ ಬಾಳೆಹಣ್ಣು, ಫುಫು ಎಂಬ ಮುದ್ದೆ, ದೀಪ ಹತ್ತಿದ ಮೇಲೆ ಶುರುವಾಗುವ ಬ್ಯಾಂಡು, ಕುಣಿತ.

"ನಾನು, ಮಲಿಕಾ, ಇಬ್ಬರೂ ದಿನಾ ಹೋಗತಿದ್ವಿ. ಈಕಿ ಫುಫು ತಿನ್ನೂದ್ರಾಗ ಅಲ್ಲಿಯವರನ್ನs ಸೋಲಿಸ್ಯಾಳ!"

ಮೊದಲ ಸಲ ಅದನ್ನು ಕೇಳಿದಾಗ ಮಲಿಕಾಬಿ ಚಹಾದ ತಟ್ಟೆ ಹಿಡಿದು ನಿಂತೇಬಿಟ್ಟಳು. ಆಮೇಲಾಮೇಲೆ ಕೇಳುವುದು ರೂಢಿಯಾಯಿತು. ಮಾತಿನಲ್ಲಾದರೂ ಕರೆದುಕೊಂಡು ಹೋದನಲ್ಲ ಎಂದುಕೊಂಡಳು.

ರಹೀಮಸಾಬ ತೀರಿಕೊಂಡು ಎರಡು ವರ್ಷಕ್ಕೆ, ೨೦೦೪ರ ಬೇಸಿಗೆಯಲ್ಲಿ, ಕಲೀಮನ ಮಗಳು ದಾನಿಯಾ ಅಕ್ರಾದ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯಲು ಹೊರಟಳು. ಹೊರಡುವ ಮೊದಲು ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಟ್ರಾಯ್ಟಿನ ಒಂದು ಸಣ್ಣ ಘಾನಾ ಹೋಟೆಲಿಗೆ ಕರೆತಂದಳು.

"ಸರ್‌ಪ್ರೈಸ್, ದಾದಿ! ಯುವರ್ ಫುಫು!"

ಹೋಟೆಲಿನ ಒಡತಿ ಅಕ್ರಾದವಳೇ. ದಾನಿಯಾ ಅಜ್ಜಿಯ ಹೆಗಲು ತಬ್ಬಿ ಎಂಟು ವರ್ಷದ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಒದರಿದಳು. ಒಡತಿಗೆ ಹಿಗ್ಗೋ ಹಿಗ್ಗು. ತಾನೇ ಫುಫು, ಮೀನಿನ ಸಾರು ತಂದಿಟ್ಟು, ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತಳು.

ಬಿಳಿ ಮುದ್ದೆ. ಮಲಿಕಾಬಿ ಬಿಸ್ಮಿಲ್ಲಾ ಎಂದು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ಅಗಿದಳು. ಅದು ಹಲ್ಲಿಗೆ ಮೆತ್ತಿಕೊಂಡಿತು. ಮತ್ತೂ ಅಗಿದಳು. ಒಡತಿಯ ನಗು ನಿಂತಿತು. ದಾನಿಯಾಳ ಕಡೆ ಬಾಗಿ ಏನೋ ಹೇಳಿದಳು.

"ದಾದಿ, ಇದನ್ನ ಅಗಿಯಂಗಿಲ್ಲಂತ. ಸುಮ್ನ ನುಂಗಬೇಕಂತ. ಅಲ್ಲಿ ಲಿಟಲ್ ಕಿಡ್ಸ್‌ಗೂ ಗೊತ್ತಂತ."

ಮಂಡ್ಯ, ಮೈಸೂರಿನವಳಾಗಿದ್ದರೆ ರಾಗಿ ಮುದ್ದೆಯ ಹಾಗೆ ನುಂಗಿಬಿಡುತ್ತಿದ್ದಳು. ಮಲಿಕಾಬಿ ಜೋಳದ ರೊಟ್ಟಿಯವಳು, ಅಗಿಯದೆ ತಿಂದು ಗೊತ್ತಿಲ್ಲ. ಅಷ್ಟೆಲ್ಲ ಹೇಳಿದವನು ಇದೊಂದನ್ನು ಹೇಳದೇ ಹೋದನಲ್ಲ!

"ಹಲ್ಲು ಕಟ್ಟಿಸಿದ ಮ್ಯಾಲೆ ಹಿಂಗವ್ವಾ. ಹೊಸಾ ಹಲ್ಲು, ಏನ್ ಸಿಕ್ರೂ ಅಗೀತಾವ," ಅಂದಳು.

ದಾನಿಯಾ ನಕ್ಕಳು. ನಗು ಮುಗಿದರೂ ಕಣ್ಣು ಮಾತ್ರ ಅಜ್ಜಿಯ ಮುಖದ ಮೇಲೇ ಇತ್ತು.

"ಬಟ್ ದಾದಿ, ನೀ ಹೋಗಿದ್ದಿ ಹೌದಲ್ಲ? ದಾದಾನ ಜೋಡಿ?"

ಇಲ್ಲವೆಂದರೆ ಗೋರಿಯಲ್ಲಿ ಮಲಗಿದವನು ಸುಳ್ಳುಗಾರನಾಗುತ್ತಾನೆ. ಈ ಹುಡುಗಿಗೆ ಅಜ್ಜನೆಂದರೆ ಪ್ರಾಣ.

"ಹೋಗಿದ್ದೆ."

"ಎಲ್ಲಿ ಕುಂದರತಿದ್ರಿ? ನಾನೂ ಅಲ್ಲೇ ಕೂತು ಫೋಟೊ ಕಳಸ್ತೀನಿ."

ಗೋಡೆಯ ಮೇಲೆ ಅಕ್ರಾದ ಒಂದು ದೊಡ್ಡ ಚಿತ್ರವಿತ್ತು. ಮುಸ್ಸಂಜೆಯ ಸಮುದ್ರದಂಡೆ, ಸಾಲುದೀಪ, ಮರಳಿನ ಮೇಲೆ ಮೇಜು ಕುರ್ಚಿ. ಮಲಿಕಾಬಿಯ ಬೆರಳು ತಾನಾಗಿಯೇ ಎದ್ದು, ತೆಂಗಿನ ಮರದ ಕೆಳಗಿನ ನೀಲಿ ಕುರ್ಚಿಯನ್ನು ತೋರಿಸಿತು.

"ಅಲ್ಲಿ."

"ದಾದಾ?"

"ಬಾಜೂಕ."

ದಾನಿಯಾ ಎದ್ದು ಹೋಗಿ ಆ ಚಿತ್ರದ್ದೇ ಎರಡು ಫೋಟೊ ತೆಗೆದುಕೊಂಡಳು. ಹಟದ ಹುಡುಗಿ. ದಂಡೆಯುದ್ದಕ್ಕೂ ಆ ಮರ ಹುಡುಕುತ್ತಾಳೆ, ಕಂಡವರನ್ನೆಲ್ಲ ಕೇಳುತ್ತಾಳೆ. ಮಲಿಕಾಬಿ ಇನ್ನೊಂದು ತುತ್ತು ಮುರಿದು, ಈ ಸಲ ನುಂಗಿದಳು. ಅದು ಎದೆಯಲ್ಲೇ ನಿಂತಿತು. ನೀರು ಕುಡಿದಳು.

"ಅಲ್ಲಿ ಮೀನು ಹೆಂಗಿರತಿತ್ತು, ದಾದಿ?"

ಮಲಿಕಾಬಿ ಸಾರಿನ ಬಟ್ಟಲನ್ನು ಮೊಮ್ಮಗಳ ಕಡೆ ಸರಿಸಿದಳು.

"ನೀನs ತಿಂದು ಬಾರವಾ," ಅಂದಳು. "ಬಂದು, ಏನ್ ತಿಂದಿ ಅಂತ ನನಗ ಹೇಳು."