ಸಿದ್ದಾಪುರದ ಕ್ಯಾಂಪಿಗೆ ಬಂದ ಅಜ್ಜಿ

ನಾನು ಪಾಠ ಮಾಡುವ ವಿಭಾಗದ ಮಕ್ಕಳನ್ನು ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ಹೋದಾಗ ಸಂಜೆ ಊಟದ ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲುವುದು ನನ್ನ ಚಾಳಿ. ಎಲ್ಲರೂ ಬಂದು ಸೇರುವ ತನಕ ಯಾರ ತಟ್ಟೆಗೂ ಮುದ್ದೆ ಬೀಳುವುದಿಲ್ಲ. ಹಸಿದ ಹುಡುಗರು ಬೆನ್ನ ಹಿಂದೆ ಬೈದುಕೊಳ್ಳುವುದು ನನಗೆ ಗೊತ್ತು. ಬೈಯಲಿ. ಈ ಚಾಳಿ ನನಗೆ ಬಂದದ್ದು ನಮ್ಮಜ್ಜಿಯಿಂದ.

ಆಗ ನಾನು ಇದೇ ವಿಭಾಗದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮದು ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಅಂಚಿನ ಕುರಿ ಸಾಕುವ ಮನೆ. ವರ್ಷಕ್ಕೊಮ್ಮೆ ವಿಭಾಗದ ಹುಡುಗರು ಸುತ್ತಿಗೆ, ದಿಕ್ಸೂಚಿ ಹಿಡಿದು ಒಂದು ವಾರ ಬೆಟ್ಟ ಸುತ್ತಿ, ಯಾವ ಕಲ್ಲು ಎಲ್ಲಿಂದ ಎಲ್ಲಿಗೆ ಹರಡಿದೆ ಎಂದು ನಕಾಶೆ ಬರೆಯುತ್ತಿದ್ದರು. ಹುಡುಗಿಯರು ಲ್ಯಾಬಿನಲ್ಲಿ ಕೂತು ಹಳೆಯ ನಕಾಶೆಗೆ ಬಣ್ಣದ ಪೆನ್ಸಿಲ್ ತಿಕ್ಕಬೇಕು. ಅಂಕವೇನೋ ಇಬ್ಬರಿಗೂ ಒಂದೇ. ಆದರೆ ನಮ್ಮ ಸೀನಿಯರ್ ಒಬ್ಬಳು ಕೆಲಸದ ಸಂದರ್ಶನಕ್ಕೆ ಹೋದಾಗ, “ಯಾವ ಬೆಟ್ಟದಲ್ಲಿ ಕೆಲಸ ಮಾಡಿದ್ದೀಯಮ್ಮ?” ಎಂಬ ಮೊದಲ ಪ್ರಶ್ನೆಗೇ ಬಾಯಿ ಕಟ್ಟಿ ವಾಪಸು ಬಂದಿದ್ದಳು. ಬೆಟ್ಟವನ್ನೇ ಹತ್ತದ ನನ್ನನ್ನು ಭೂವಿಜ್ಞಾನಿ ಎಂದು ಯಾರು ನಂಬುತ್ತಾರೆ?

ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಮೇಷ್ಟ್ರು ಒಳ್ಳೆಯವರೇ, ಪುಕ್ಕಲು ಸ್ವಭಾವ ಅಷ್ಟೆ. ನೋಡೋಣ, ಮಾಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕೊನೆಗೆ, “ಅಲ್ಲಮ್ಮ, ಹೆಣ್ಣುಮಕ್ಕಳು. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?” ಎಂದರು. ಮನೆಗೆ ಬಂದು ಅಪ್ಪನನ್ನು ಕೇಳಿದೆ. “ಏನಾರ ಆದ್ರೆ ಯಾರು ಜವಾಬ್ದಾರಿ?” ಎಂದ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಗಂಡಸರು ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಚೀಲವನ್ನು ಎಸೆದು, “ಕಲ್ಲು ನೋಡಾಕೆ ಹೋಗ್ತೀನಿ ಅಂದ್ರೆ ಕಳ್ಳತನಕ್ಕೆ ಹೋಗ್ತೀನಿ ಅಂದಂಗೆ ಆಡ್ತೀರಲ್ಲ!” ಎಂದು ಕೂಗಿದೆ.

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ, ಅಂದರೆ ಅಪ್ಪನ ಅವ್ವ, “ನಾನು ಹೋಗ್ತೀನಿ ಬಿಡು ಜೊತೆಗೆ” ಎಂದಳು. ಅವ್ವನಿಗೆ ಎದುರಾಡುವ ಧೈರ್ಯ ಅಪ್ಪನಿಗೆ ಯಾವತ್ತೂ ಇರಲಿಲ್ಲ. ಅಜ್ಜಿಯರು ಬರಕೂಡದು ಎಂಬ ನಿಯಮ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಮೇಷ್ಟ್ರು ಹುಡುಕಿ ನೋಡಿದರಂತೆ. ಸುದ್ದಿ ತಿಳಿದ, ನನ್ನ ತರಗತಿಯ ಮೊಳಕಾಲ್ಮೂರಿನ ಗೆಳತಿಯ ತಾಯಿ ಫೋನಿನಲ್ಲಿ ತೆಲುಗು ಬೆರೆಸಿ, “ಪೆದ್ದೋಳ್ಳು ಉನ್ನಾರಾ? ಹಂಗಾದ್ರೆ ಕಳಿಸ್ತೀನಿ ಬಿಡಮ್ಮ” ಎಂದರು. ದೊಡ್ಡವರು ಒಬ್ಬರಿದ್ದರೆ ಸಾಕಂತೆ. ಇನ್ನೊಬ್ಬಳ ಮನೆಯವರೂ ಒಪ್ಪಿದರು. ಮೂವರು ಹುಡುಗಿಯರು, ಒಂದು ಕಂಬಳಿ, ಒಂದು ಎಲೆ ಅಡಿಕೆ ಚೀಲ, ನಮ್ಮಜ್ಜಿ. ಬಸ್ಸಿನಲ್ಲಿ ಅಜ್ಜಿಗೆ ಕಿಟಕಿಯ ಪಕ್ಕದ ಸೀಟು.

ಸಿದ್ದಾಪುರದ ಸಮುದಾಯ ಭವನದಲ್ಲಿ ನಮ್ಮ ಬಿಡಾರ. ಬ್ರಹ್ಮಗಿರಿಯ ಶಾಸನದ ಕಡೆ ಸುತ್ತಿಗೆ ಒಯ್ಯಕೂಡದೆಂದು ಮೇಷ್ಟ್ರ ಕಟ್ಟಪ್ಪಣೆ. ಆಚೆಯ ಗುಡ್ಡಗಳು ನಮ್ಮವು. ನನ್ನ ಸುತ್ತಿಗೆಯ ಮೊದಲ ಏಟಿಗೆ ಬಂಡೆಯ ಚಕ್ಕೆ ಎದ್ದು, ಒಳಗಿನ ಹೊಚ್ಚಹೊಸ ಕಲ್ಲು ಬಿಸಿಲಿಗೆ ಮಿನುಗಿತು. ಖುಷಿಗೆ ಕಿರುಚಿಬಿಟ್ಟೆ. ಅದನ್ನು ನನಗಿಂತ ಮೊದಲು ಯಾರೂ ನೋಡಿರಲಿಲ್ಲ!

ಸಂಜೆ ಹಿಂತಿರುಗಿದರೆ ಅಜ್ಜಿ ಊಟದ ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದಳು. ಪ್ರಾಯದಲ್ಲಿ ಅವಳು ಕುರಿಹಿಂಡಿನ ಜೊತೆ ಊರೂರು ತಿರುಗಿದವಳು. ಕೊನೆಯ ಮರಿ ರೊಪ್ಪದ ಬೇಲಿಯೊಳಕ್ಕೆ ಬರುವವರೆಗೆ ಒಲೆಯ ಮೇಲಿನ ಗಡಿಗೆ ಇಳಿಸಿದವಳಲ್ಲ.

ಹೊಟ್ಟೆ ತಾಳ ಹಾಕುತ್ತಿದ್ದ ಹುಡುಗನೊಬ್ಬ, “ಅಜ್ಜಿ, ನೀವು ಕಾಯಾಕೆ ಬಂದಿರೋದು ಹುಡುಗೀರ್ನ. ನಾವು ಉಣ್ತೀವಿ ಬಿಡ್ರಿ” ಎಂದ.

“ಕುರಿ ಕಾಯೋರು ಹೆಣ್ಣುಕುರಿ ಅಷ್ಟೇ ಎಣಿಸ್ತಾರೇನಲೇ?” ಎಂದಳು ಅಜ್ಜಿ. “ಎಲ್ರೂ ಬರ್ಲಿ. ಕುತ್ಕೋ.”

ಅವನು ತಟ್ಟೆ ಕೆಳಗಿಟ್ಟು ಕೂತ. ಮಾರನೆಯ ದಿನದಿಂದ ಹುಡುಗರು ಓಡೋಡಿ ಬರತೊಡಗಿದರು. ಹಿಂದುಳಿದವರ ಚೀಲವನ್ನು ತಾವೇ ಹೊತ್ತು ತರುತ್ತಿದ್ದರು. ಪ್ರೀತಿಗೋ, ಮುದ್ದೆಗೋ, ಕೇಳಬಾರದು.

ವಾರದ ಮಧ್ಯೆ ಒಂದು ಸಂಜೆ ಎಲ್ಲರೂ ಬಂದೆವು, ಮೇಷ್ಟ್ರು ಬರಲಿಲ್ಲ. ಫೋನು ಸಿಗಲಿಲ್ಲ. ಚಹಾ ಅಂಗಡಿಯಲ್ಲಿರಬೇಕು ಎಂದು ಹುಡುಗರು ರಸ್ತೆಯ ಕಡೆ ಓಡಿದರು. ನನಗೆ ಮಧ್ಯಾಹ್ನದ ಮಾತು ನೆನಪಾಯಿತು. ನಮ್ಮ ಪಾಲಿನ ಗುಡ್ಡದಲ್ಲಿ ಬಿಳಿ ಬಂಡೆಗಳ ನಡುವೆ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿತ್ತು. ಅದು ಎಲ್ಲಿ ಮುಗಿಯುತ್ತದೆ ನೋಡಬೇಕು ಎಂದು ಮೇಷ್ಟ್ರು ಅಂದಿದ್ದರು. ಹೊತ್ತು ಮುಳುಗುವ ಮೊದಲು ನಾವು ಮೂವರೂ ಆ ಪಟ್ಟಿಯ ಗುಂಟ ಹೊರಟೆವು. ನಾವೇ ಬರೆದ ನಕಾಶೆ, ದಾರಿ ತಪ್ಪುವ ಮಾತೇ ಇರಲಿಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ ಮೇಷ್ಟ್ರು ಬಂಡೆಯ ಮೇಲೆ ಕೂತಿದ್ದರು. ಒಂದು ಶೂಸಿನ ಅಡಿ ಕಿತ್ತು ಕೈಗೆ ಬಂದಿತ್ತು, ಕಾಲಿಗೆ ಜಾಲಿಮುಳ್ಳು.

“ನೀವ್ಯಾಕಮ್ಮ ಬಂದ್ರಿ?” ಎಂದರು.

“ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಸರ್?” ಎಂದೆ. ಬಾಯಿ ತಡೆಯಲಿಲ್ಲ. ಮೇಷ್ಟ್ರು ನೋವಿನಲ್ಲೂ ಗೊಳ್ಳೆಂದು ನಕ್ಕರು. ನಾವೂ ನಕ್ಕೆವು. ನನ್ನ ಹೆಗಲು ಹಿಡಿದು ಕುಂಟುತ್ತಾ ಇಳಿದರು.

ಬಾಗಿಲಲ್ಲಿ ಅಜ್ಜಿ ಅವರನ್ನು ಕೂರಿಸಿ, ಪಿನ್ನಿನಿಂದ ಮುಳ್ಳು ತೆಗೆದು, “ಹೋಗೋದು ಹೋಗ್ರಿ ಮೇಷ್ಟ್ರೇ, ಹೇಳಿ ಹೋಗ್ರಿ. ಮಕ್ಳು ಉಪಾಸ ಕುಂತಾವೆ” ಎಂದಳು.

“ತಪ್ಪಾಯ್ತಮ್ಮ” ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ಆಮೇಲೆ ಮುದ್ದೆ ಬಿತ್ತು. ಅಂಥ ರುಚಿಯ ಹುರುಳಿ ಸಾರನ್ನು ನಾನು ಮತ್ತೆ ಉಂಡಿಲ್ಲ.

ವಾರ ಮುಗಿದು ಊರಿಗೆ ಬಂದಾಗ ಅಪ್ಪ ಬಸ್ಸು ನಿಲ್ಲುವಲ್ಲೇ ಕಾಯುತ್ತಿದ್ದ. ಕಂಬಳಿ ಇಸಿದುಕೊಳ್ಳುತ್ತಾ, “ಹೆಂಗಿತ್ತವ್ವಾ? ಹುಡುಗೀರ್ನ ಸಂಭಾಳಿಸೋದು ಕಷ್ಟ ಆತಾ?” ಎಂದು ಕೇಳಿದ.

“ಹುಡುಗೀರ್ದೇನೂ ಇಲ್ಲ. ಮುಂದಿನ ಸಾರಿ ಇವ್ಳು ಒಬ್ಳೇ ಹೋಗ್ಲಿ” ಎಂದಳು ಅಜ್ಜಿ. “ಆ ಮೇಷ್ಟ್ರ ಮನ್ಯಾಗೆ ಹೇಳಿ, ಅವ್ರ ಜೊತೆಗೆ ಯಾರನ್ನಾರ ಕಳಿಸ್ರಿ.”

ಅಪ್ಪ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನನ್ನ ಚೀಲದಿಂದ ಇಣುಕುತ್ತಿದ್ದ ಸುತ್ತಿಗೆಯನ್ನು ಎಳೆದು, ಅಲ್ಲಾಡುತ್ತಿದ್ದ ಅದರ ಮರದ ಕಾವನ್ನು ಪರೀಕ್ಷಿಸಿದ.

“ಇದ್ಕೆ ಹೊಸಾ ಕಾವು ಹಾಕ್ಬೇಕು” ಎಂದ. “ಮುಂದಿನ ಕ್ಯಾಂಪು ಯಾವಾಗ ಐತೆ?”