ವೀಸಾ ಆಫೀಸಿನಲ್ಲಿ ಮರಿಯಮ್ಮ ಹೇಳಿಸಿದ ಒಡಪು

ಗಂಡನಿಗೆ ದೇಶ ಬಿಟ್ಟು ಹೋಗು ಎಂದು ಸರ್ಕಾರ ಹೇಳಿದರೆ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡ ಹೆಂಗಸು ಯಾರ ಬಾಗಿಲಿಗೆ ಹೋಗಬೇಕು? ೧೯೮೭ರ ಮಳೆಗಾಲದಲ್ಲಿ ಈ ಸಂಕಟ ನನಗೆ ಬಂತು. ನಾನು ಮಾತೆ ಮರಿಯಮ್ಮನ ಬಾಗಿಲಿಗೆ ಹೋದೆ. ಕೆಲಸ ಆದರೆ ಎಲ್ಲರೆದುರು ಹೇಳುತ್ತೇನೆ ಎಂದು ಹರಕೆ ಹೊತ್ತಿದ್ದೆ. ಆದದ್ದನ್ನು ಆದ ಹಾಗೆಯೇ ಈ ಪತ್ರಿಕೆಯಲ್ಲಿ ಹೇಳುತ್ತೇನೆ, ದೇವರ ಮಕ್ಕಳು ಕೇಳಬೇಕು.

ನನ್ನ ಹೆಸರು ಲೂಸಿ. ತವರು ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ. ನಾವು ಸಿದ್ದಿಗಳು. ನಮ್ಮ ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರಂತೆ. ಆ ಗುಂಗುರು ಕೂದಲು, ಆ ಬಣ್ಣ ಬಿಟ್ಟರೆ ಆ ದೇಶದ್ದು ಏನೂ ನಮ್ಮಲ್ಲಿ ಉಳಿದಿಲ್ಲ. ನಾನು ದಾಂಡೇಲಿಯಲ್ಲಿ ಸಿಸ್ಟರುಗಳ ದವಾಖಾನೆಯಲ್ಲಿ ಆಯಾ ಕೆಲಸಕ್ಕಿದ್ದೆ. ನಮ್ಮ ಮನೆಯವರು ಕೀನ್ಯಾ ದೇಶದವರು, ಧಾರವಾಡದಲ್ಲಿ ಕೃಷಿ ಓದಲು ಬಂದವರು. ಗೆಳೆಯರ ಜೊತೆ ಕಾಳಿ ಹೊಳೆ ನೋಡಲು ಬಂದು, ಮಲೇರಿಯಾ ಹಿಡಿದು ನಮ್ಮ ದವಾಖಾನೆಯಲ್ಲಿ ಮಲಗಿದರು. ಕಣ್ಣು ಬಿಟ್ಟು ನನ್ನನ್ನು ನೋಡಿದವರೇ ತಮ್ಮ ಊರಿನವಳೆಂದು ತಿಳಿದು ಅವರ ಭಾಷೆಯಲ್ಲಿ ಗಳಗಳ ಮಾತಾಡಿದರು. "ಏನ್ರೀ? ನೀರು ಬೇಕೇನ್ರೀ?" ಎಂದೆ ನಾನು. ಅಲ್ಲಿಂದ ಶುರುವಾದದ್ದು ಮುಂದಿನ ವರ್ಷ ಪೀಠದ ಮುಂದೆ ಬಂದು ನಿಂತಿತು. ಮದುವೆಯಾಗಿ ಅಂಬೇವಾಡಿಯಲ್ಲಿ ಒಂದು ಖೋಲಿ ಹಿಡಿದೆವು.

ಅವರ ಓದು ಮುಗಿಯಿತು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾ ಯಾಕೆ, ಹೊರಡು ಎನ್ನುತ್ತದೆ ಕಾನೂನು. ಹೆಂಡತಿ ಈ ದೇಶದವಳು ಎಂದು ತೋರಿಸಿ ಬೇರೆ ವೀಸಾ ಪಡೆದರೆ ಇರಬಹುದು. ಅದಕ್ಕೆ ಅರ್ಜಿ ಹಾಕಿದೆವು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟವಳು ಎಸ್ತರ್.

ಈ ಎಸ್ತರ್‌ಳ ವಿಷಯ ಹೇಳದೆ ನನ್ನ ಸಾಕ್ಷಿ ಪೂರ್ತಿಯಾಗುವುದಿಲ್ಲ. ಅವರದೇ ದೇಶ, ಅವರದೇ ಕಾಲೇಜು. ಎತ್ತರದ ಹುಡುಗಿ, ನಕ್ಕರೆ ಮನೆ ತುಂಬುತ್ತಿತ್ತು. ನನಗಿಂತ ಚೆಂದ ಸೀರೆ ಉಡುತ್ತಿದ್ದಳು, ಅದನ್ನು ಸಿಸ್ಟರುಗಳು ನನ್ನೆದುರಿಗೇ ಹೊಗಳುತ್ತಿದ್ದರು. ಶನಿವಾರ ಬಂದರೆ ಸಾಕು, ಧಾರವಾಡದ ಬಸ್ಸಿನಿಂದ ಇಳಿದು ನಮ್ಮ ಓಣಿಗೆ ಬರುವಾಗಲೇ ನಮ್ಮ ಮನೆಯವರ ಹೆಸರು ಹಿಡಿದು ಕೂಗುತ್ತಿದ್ದಳು. ಬರೀ ಹೆಸರು! ನಮ್ಮ ಕಡೆ ಕಟ್ಟಿಕೊಂಡ ಹೆಂಡತಿಯೂ ಗಂಡನ ಹೆಸರು ಹೇಳುವುದಿಲ್ಲ, ಇವಳು ಯಾರು? ಇಬ್ಬರೂ ಕೂತು ತಮ್ಮ ಭಾಷೆಯಲ್ಲಿ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. "ಏನಂದ್ಲು?" ಎಂದು ನಾನು ಕೇಳಿದರೆ "ಏನಿಲ್ಲ, ಕಾಲೇಜಿನ ಮಾತು" ಎನ್ನುತ್ತಿದ್ದರು. ಏನಿಲ್ಲದ್ದಕ್ಕೆ ಯಾರಾದರೂ ಅಷ್ಟು ನಗುತ್ತಾರೆಯೇ? ಒಮ್ಮೆ ಸಂತೆಯಲ್ಲಿ ಬಾಳೆಹಣ್ಣಿನವಳು ಅವರಿಬ್ಬರನ್ನು ನೋಡಿ, "ಗಂಡ ಹೆಂಡ್ತಿ ಜೋಡಿ ಚಲೋ ಐತಿ. ನೀ ಹುಡುಗನ ತಂಗಿ ಏನವಾ?" ಎಂದು ನನ್ನನ್ನು ಕೇಳಿದಳು. ಆ ದಿನ ಬಾಳೆಹಣ್ಣು ಕೊಳ್ಳದೆ ಬಂದೆ.

ನನ್ನ ಸಂಕಟದ ಬೇರು ಇದೇ. ಎಸ್ತರ್‌ಳ ಓದೂ ಮುಗಿದಿತ್ತು. ಕ್ರಿಸ್ಮಸ್ಸಿಗೆ ಅವಳು ಊರಿಗೆ ಹೊರಡುವವಳು. ನಮ್ಮ ಮನೆಯವರಿಗೆ ವೀಸಾ ಸಿಗದಿದ್ದರೆ ಇಬ್ಬರೂ ಒಂದೇ ವಿಮಾನದಲ್ಲಿ ಹೋಗುತ್ತಾರೆ, ನಾನು ಇಲ್ಲಿ ಒಬ್ಬಳೇ ಹೆರಬೇಕು. ಶನಿವಾರದ ನವೇನ ಪ್ರಾರ್ಥನೆಯಲ್ಲಿ ಮೇಣದ ಬತ್ತಿ ಹಚ್ಚಿ, "ತಾಯಿ, ಅವರಿಗೆ ವೀಸಾ ಕೊಡಿಸು. ಎಸ್ತರ್‌ಳನ್ನು ಸುಖವಾಗಿ ಊರಿಗೆ ಮುಟ್ಟಿಸು, ಆದಷ್ಟು ಬೇಗ ಮುಟ್ಟಿಸು" ಎಂದು ಬೇಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಜನ್ಮದ ಹಬ್ಬ ಬಂತು. ಹೊಸ ತೆನೆಯನ್ನು ಗುಡಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುವ ಹಬ್ಬ ಅದು, ನಾನು ತವರಿಗೆ ಹೋಗಿದ್ದೆ. ಅಂಥ ದಿನವೇ ಎಸ್ತರ್ ಅರ್ಜಿಯ ಕಾಗದ ತೆಗೆದುಕೊಂಡು ಮನೆಗೆ ಬರಬೇಕೇ? ನಮ್ಮ ಮನೆಯವರು ಹಾಲು ತರಲು ಹೋದಾಗ, ವಿಚಾರಣೆಗೆಂದು ಪೊಲೀಸಿನವನೊಬ್ಬ ಬಾಗಿಲಿಗೆ ಬಂದನಂತೆ. ಅವನು ಕನ್ನಡದಲ್ಲಿ ಕೇಳಿದ. ಇವಳಿಗೆ ಕನ್ನಡ ಬಾರದು. ಎಲ್ಲದಕ್ಕೂ ನಕ್ಕು ತಲೆಯಾಡಿಸಿ, ಕೂರಿಸಿ, ಕರಿ ಚಹಾ ಮಾಡಿ ಕೊಟ್ಟು ಕಳಿಸಿದಳು. ನನ್ನ ಒಲೆಯ ಮೇಲೆ!

ಸ್ವಲ್ಪ ದಿನಕ್ಕೆ ಸರ್ಕಾರದ ಪತ್ರ ಬಂತು. ವಿಚಾರಿಸಿದಾಗ ಹೆಂಡತಿಯೂ ಪರದೇಶದವಳೆಂದು ಗೊತ್ತಾಗಿದೆ, ಹಾಗಾಗಿ ವೀಸಾ ಬದಲಿಸಲು ಬರುವುದಿಲ್ಲ, ಹೇಳುವುದೇನಾದರೂ ಇದ್ದರೆ ಖುದ್ದಾಗಿ ಬಂದು ಹೇಳಿ ಎಂದಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ, ಬೈದೆ, ಜಪಮಾಲೆ ಹಿಡಿದೆ, ಮತ್ತೆ ಬೈದೆ. ನಮ್ಮ ಮನೆಯವರು ಧಾರವಾಡದಲ್ಲಿ ಕಲಿತ ಕನ್ನಡದಲ್ಲಿ, "ನಾ ಎಲ್ಲಿ ಹೋಗಂಗಿಲ್ಲ ಲೂಸಿ, ಅಳಬ್ಯಾಡ" ಎಂದರು. ಹೋಗುವುದಿಲ್ಲ ಎನ್ನಲು ಅವರ ಕೈಯಲ್ಲಿ ಏನಿತ್ತು?

ನಮ್ಮ ಗುಡಿಯ ಗುರುಗಳು ಮದುವೆಯ ಕಾಗದ, ನನ್ನ ಜ್ಞಾನಸ್ನಾನದ ಕಾಗದ ಎರಡನ್ನೂ ಕೊಟ್ಟು, "ಮೂವರೂ ಹೋಗ್ರಿ. ಹೆಂಡ್ತಿ ನಾನಲ್ಲ ಅಂತ ಎಸ್ತರ್ ತಾನ ಹೇಳ್ಲಿ" ಎಂದರು. ಗುರುಗಳ ಮಾತು, ಮೀರುವಂತಿಲ್ಲ.

ದಾಂಡೇಲಿಯಿಂದ ಕಾರವಾರದ ಬಸ್ಸು ಹತ್ತಿದೆವು. ಮೂವರು ಕೂರುವ ಸೀಟು. ಎಸ್ತರ್ ನಡುವೆ ಕೂರಲು ಹೊರಟಳು. "ನನಗ ನಡುವ ಕುಂತ್ರನ ಚಲೋ" ಎಂದು ನಾನು ನುಗ್ಗಿ ಕೂತೆ. ಜೋಯಿಡಾ ದಾಟುವ ತನಕ ಸರಿಯಿತ್ತು. ಅಣಶಿ ಘಾಟಿನ ತಿರುವುಗಳಲ್ಲಿ ಹೊಟ್ಟೆ ತೊಳಸಿ ಬಂತು, ಕಿಟಕಿ ನೋಡಿದರೆ ಎಸ್ತರ್‌ಳ ಕಡೆಗೆ. ಅವಳ ಮಡಿಲ ಮೇಲೆ ಬಾಗಿ ಕಿಟಕಿಯ ಹೊರಗೆ ವಾಂತಿ ಮಾಡಿಕೊಂಡೆ. ಅವಳು ಒಂದು ಕೈಯಲ್ಲಿ ನನ್ನ ಹಣೆ ಹಿಡಿದು ಇನ್ನೊಂದು ಕೈಯಲ್ಲಿ ಬೆನ್ನು ಸವರಿದಳು. ಒಳ್ಳೆಯವಳು ಎಂದು ಅನಿಸಿತು. ಒಳ್ಳೆಯವಳಾಗಿದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

ಪರದೇಶದವರ ಕಾಗದ ನೋಡುವ ಆಫೀಸಿನಲ್ಲಿ ಬೆಂಚಿನ ಮೇಲೆ ಮುಂಡಗೋಡದ ಟಿಬೆಟಿನ ಅಜ್ಜ ಒಬ್ಬರು ಮೊದಲೇ ಕೂತಿದ್ದರು. ಮೇಜಿನ ಹಿಂದಿದ್ದ ಗುಮಾಸ್ತರು ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಸಿದ್ದಿ ಎಂಬ ಜನ ಇದ್ದಾರೆಂಬುದೇ ಅವರಿಗೆ ಗೊತ್ತಿರಲಿಲ್ಲ.

"ನಾನು ಇಲ್ಲ್ಯಾಕೀರಿ, ಸಾಂಬ್ರಾಣಿಯಾಕಿ" ಎಂದೆ.

"ಕನ್ನಡ ಬಂದ್ರೆ ಆಗೋಯ್ತೇನಮ್ಮ? ಈ ಅಜ್ಜನೂ ಚೆನ್ನಾಗಿ ಕನ್ನಡ ಮಾತಾಡ್ತಾರೆ" ಎಂದರು. ಅಜ್ಜ "ಹೌದ್ರಿ" ಎಂದು ತಲೆಯಾಡಿಸಿದರು. ಗುರುಗಳ ಕಾಗದ ಕೊಟ್ಟೆ. "ಇದರಲ್ಲಿ ಫೋಟೋ ಇಲ್ಲ. ಈ ಲೂಸಿ ನೀವೇ ಅಂತ ಹೇಗೆ ನಂಬಲಿ?" ಎಂದು ನಮ್ಮ ಮನೆಯವರನ್ನು ವರಾಂಡಕ್ಕೆ ಕಳಿಸಿ, ಪೆನ್ನು ತೆಗೆದರು. "ಹೇಳಿ, ನಿಮ್ಮ ಯಜಮಾನರ ಹೆಸರೇನು?"

ಪರಗಂಡಸಿನ ಮುಂದೆ, ಹೊಟ್ಟೆಯಲ್ಲಿ ಅವರ ಕೂಸು ಇಟ್ಟುಕೊಂಡು, ಗಂಡನ ಹೆಸರನ್ನು ಹೇಗೆ ಹೇಳಲಿ? ನಮ್ಮವ್ವ ಹೇಳಿದವಳಲ್ಲ, ಅವಳ ಅವ್ವ ಹೇಳಿದವಳಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿಯೇ ಬೆಳೆದವಳು ನಾನು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಗುಮಾಸ್ತರು ಮತ್ತೆ ಕೇಳಿದರು. ನಾನು ಸೆರಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡೆ.

"ಗಂಡನ ಹೆಸರೇ ಗೊತ್ತಿಲ್ಲ!" ಎಂದು ನಕ್ಕು ಅವರು ಎಸ್ತರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅದನ್ನೇ ಕೇಳಿದರು. ಪಾಪ, ನನಗೆ ಸಹಾಯವಾಗಲಿ ಎಂದು ಅವಳು ನಮ್ಮ ಮನೆಯವರ ಹೆಸರು, ಅವರ ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲವನ್ನೂ ಪಟಪಟ ಹೇಳಿದಳು.

"ಈಗ ಗೊತ್ತಾಯ್ತು. ಹೆಂಡತಿ ಈಯಮ್ಮ. ನಿಮ್ಮನ್ನು ನಾಟಕಕ್ಕೆ ಕರ್ಕೊಂಡು ಬಂದಿದ್ದಾರೆ."

ವರ್ಷದಿಂದ ಒಳಗೆ ಕುದಿಯುತ್ತಿದ್ದದ್ದು ಆಗ ಉಕ್ಕಿತು ನೋಡಿ.

"ಹೆಸರು ಹೇಳಿದ್ದಕ್ಕ ಆಕಿ ಹೆಂಡ್ತಿ ಆದಳೇನ್ರಿ? ಹೆಂಡ್ತಿ ಅಲ್ಲ ಅಂತನ ಹೆಸರು ಹೇಳಾಕ ಹತ್ಯಾಳ! ನಾ ಪೀಠದ ಮುಂದ ಒಂದು ಸಲ ಹೇಳೀನಿ, ಅದೂ ಫಾದರ್ ಹೇಳಂದಿದ್ದಕ್ಕ. ಅವತ್ತಿಂದ ನನ್ನ ಬಾಯಾಗ ಅವರ ಹೆಸರು ಬಂದಿಲ್ಲ. ಈಕಿ ಓಣಿ ತುಂಬ ದನಾ ಕರದಂಗ ಕರೀತಾಳ, ನಾ ಹಲ್ಲು ಕಡಕೊಂಡು ಕುಂತೀನಿ. ನನ್ನ ಒಲಿ ಮ್ಯಾಲೆ ಚಹಾ ಮಾಡಿದ್ಲು, ಸುಮ್ಮನಿದ್ದೆ. ನನ್ನ ಒಲಿ, ನನ್ನ ಕಪ್ಪು, ನನ್ನ ಗಂಡ! ಈಗ ನನ್ನ ಹೆಂಡ್ತನಾನೂ ಈಕಿಗೇ ಬರಕೊಡ್ತೀರೇನು?"

ಇನ್ನೂ ಏನೇನೋ ಅಂದೆ, ಅದರಲ್ಲಿ ಕೊಂಕಣಿಯೂ ಇತ್ತು, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಎಸ್ತರ್ ಕಣ್ಣು ಅಗಲಿಸಿ ನಿಂತಿದ್ದಳು. ಗಲಾಟೆಗೆ ಒಳಗಿನ ಕೋಣೆಯಿಂದ ದೊಡ್ಡ ಸಾಹೇಬರು ಹೊರಗೆ ಬಂದರು. ವಯಸ್ಸಾದವರು. ಇನ್ನು ಬೈಸಿಕೊಳ್ಳುವುದೇ ಗತಿ ಎಂದುಕೊಂಡು ಮನಸ್ಸಿನಲ್ಲೇ "ನಮೋ ಮರಿಯ" ಎಂದೆ.

ಸಾಹೇಬರು ಗುಮಾಸ್ತರಿಗೆ ಹೇಳಿದರು: "ಏನ್ರೀ, ಇವರಿಗೆ ಗಂಡನ ಹೆಸರು ಕೇಳಿದ್ರೇನು? ನಾ ಹಳಿಯಾಳದಾಗ ನೌಕರಿ ಮಾಡೀನಿ. ಆ ಕಡೆ ಹೆಣ್ಮಕ್ಕಳು ಜೀವಾ ಬಿಟ್ರೂ ಗಂಡನ ಹೆಸರು ಬಾಯಿಂದ ಬಿಡಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹೆಸರು ಬ್ಯಾಡವಾ. ಒಂದು ಒಡಪು ಹೇಳು, ಕೇಳೂಣು" ಎಂದರು.

ಒಡಪು ಎಂದರೆ ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ಹೇಳಿಸುವ ಎರಡು ಸಾಲಿನ ಪದ. ಗಂಡನ ಹೆಸರನ್ನು ಅದರೊಳಗೆ ಕೂರಿಸಿ ಹೇಳಿದರೆ ದೋಷವಿಲ್ಲ. ನನ್ನ ಮದುವೆಯಲ್ಲಿ ಹೇಳಿದ ಒಡಪು ಆ ಹೊತ್ತಿಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿದೆ. ತಾಯಿ ಬಾಯಿಗೆ ತಂದದ್ದನ್ನು ಹೇಳಿದೆ:

"ಕಾಳಿ ಹೊಳಿ ದಂಡಿಗೆ ಬಿದಿರ ಮೆಳಿ ಸಾಲ,
ಡೇನಿಯಲ್ಲರು ನನ್ನವರು, ಯಾರಿಗೂ ಇಲ್ಲ ಪಾಲ."

ಟಿಬೆಟಿನ ಅಜ್ಜ ಜೋರಾಗಿ ಚಪ್ಪಾಳೆ ತಟ್ಟಿದರು. ಸಾಹೇಬರು ನಗುತ್ತ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಈ ಒಡಪು ಯಾವ ದೇಶದ ಪಾಸ್‌ಪೋರ್ಟಿನಾಗೂ ಸಿಗಂಗಿಲ್ಲ ನೋಡ್ರಿ. ಇಂಥಾ ಹೊಟ್ಟೆಕಿಚ್ಚು ಸುಳ್ಳು ಹೆಂಡ್ತಿಗೆ ಬರಂಗಿಲ್ಲ" ಎಂದು ಗುಮಾಸ್ತರಿಗೆ ಹೇಳಿ, ಸಾಂಬ್ರಾಣಿಗೇ ಆಳು ಕಳಿಸಿ ವಿಚಾರಿಸಿ ಹೊಸ ವರದಿ ಬರೆಸುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ತಿರುಗಿ ಬರುವ ಬಸ್ಸಿನಲ್ಲಿ ಎಸ್ತರ್ ನಮ್ಮ ಮನೆಯವರನ್ನು ಕೇಳಿ ಕೇಳಿ ನಾನು ಅಂದದ್ದನ್ನೆಲ್ಲ ತಿಳಿದುಕೊಂಡಳು. ನನಗೆ ಮುಖ ಎತ್ತಲಾಗಲಿಲ್ಲ. ಅವಳು ಅವರಿಂದ ಒಂದು ಕನ್ನಡ ಮಾತು ಹೇಳಿಸಿಕೊಂಡು, ನನ್ನ ಕೈ ಹಿಡಿದು ತಡವರಿಸುತ್ತ ಹೇಳಿದಳು: "ನಿಮ್ಮವರು." ಅಲ್ಲಿಂದ ಮುಂದೆ ಅವಳು ಅವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ದಾಂಡೇಲಿ ಸ್ಟ್ಯಾಂಡಿನಲ್ಲಿ ಅವಳನ್ನು ತಬ್ಬಿಕೊಂಡು ಅತ್ತೆ. ಅಳು ನಿಜವಾದದ್ದು. ಬಸ್ಸು ಹೊರಟಾಗ ಮನಸ್ಸು ಹಗುರಾದದ್ದೂ ಅಷ್ಟೇ ನಿಜ.

ವೀಸಾ ಮಂಜೂರಾದ ಪತ್ರ ಕ್ರಿಸ್ಮಸ್ಸಿನ ಹಿಂದಿನ ವಾರ ಬಂತು. ಜನವರಿಯಲ್ಲಿ ನಮ್ಮ ದವಾಖಾನೆಯಲ್ಲೇ ಹೆಣ್ಣು ಕೂಸು ಹುಟ್ಟಿತು, ಅಪ್ಪ ಹೊರಗೆ ಬಾಗಿಲ ಬಳಿಯೇ ನಿಂತಿದ್ದರು. ಎಸ್ತರ್ ಎಂದು ಹೆಸರಿಡಿ ಎಂದು ಸಿಸ್ಟರೊಬ್ಬರು ಅಂದರು. ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿರಲಿಲ್ಲ. ಮರಿಯ ಎಂದು ಇಟ್ಟೆವು.

ಪ್ರಿಯರೇ, ಈ ಹೊಟ್ಟೆಕಿಚ್ಚನ್ನು ಕಿತ್ತು ಹಾಕು ಎಂದು ಎಷ್ಟೋ ಸಲ ತಾಯಿಯನ್ನು ಬೇಡಿದ್ದೆ. ಆಕೆ ಕೀಳಲಿಲ್ಲ, ಅದನ್ನೇ ಕೆಲಸಕ್ಕೆ ಹಚ್ಚಿದಳು. ನಿಮ್ಮ ಪ್ರಾರ್ಥನೆ ಆಕೆ ಕೇಳುತ್ತಿಲ್ಲ ಎನಿಸಿದರೆ ನನ್ನನ್ನು ನೆನೆಸಿಕೊಳ್ಳಿ, ಜಪಮಾಲೆ ಬಿಡಬೇಡಿ.

ಕೂಸನ್ನು ಎತ್ತಿಕೊಂಡು ತಾಯಿಗೆ ವಂದನೆ ಸಲ್ಲಿಸಲು ಗುಡಿಗೆ ಹೋದ ದಿನದ ಒಂದು ಮಾತು ಹೇಳಿ ಮುಗಿಸುತ್ತೇನೆ. ಪೂಜೆ ಮುಗಿದು ಜನ ಹೋದರು. ನಮ್ಮ ಮನೆಯವರು ತಾಯಿಯ ಸ್ವರೂಪದ ಮುಂದೆ ಮೊಣಕಾಲೂರಿದವರು ಏಳಲೇ ಇಲ್ಲ. ನೋಡಿದರೆ ಅಳುತ್ತಿದ್ದಾರೆ. ಸರ್ಕಾರದ ಪತ್ರ ಬಂದ ದಿನ ನನ್ನ ಮುಂದೆ ಒಂದು ಹನಿ ಹಾಕದ ಮನುಷ್ಯ, ಆಕೆಯ ಮುಂದೆ ತಮ್ಮ ಭಾಷೆಯಲ್ಲಿ ಏನೇನೋ ಹೇಳಿಕೊಂಡು ಮಕ್ಕಳಂತೆ ಅಳುತ್ತಿದ್ದರು. ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ತಲೆ ಎತ್ತಿತು. ನನಗೆ ಹೇಳದ್ದನ್ನು ಆಕೆಗೆ ಹೇಳುತ್ತಾರಲ್ಲ ಎಂದು. ಆಮೇಲೆ ತಾಯಿಯ ಮುಖ ನೋಡಿದೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಸದ್ದಾಗದಂತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮದುವೆಯಾದ ಮೇಲೆ ಅವರನ್ನು ಇನ್ನೊಬ್ಬಳ ಹತ್ತಿರ ಬಿಟ್ಟು ನಾನಾಗಿ ಎದ್ದು ಬಂದದ್ದು ಅದೇ ಮೊದಲು.