ಬಾಳವ್ವನ ಸಂಚಿಯ ನಾಲ್ಕನೆಯ ಜೇಬು

ಕಲ್ಲೋಳಿಯ ಬಾಳವ್ವನ ಎಲೆ-ಅಡಿಕೆಯ ಸಂಚಿಗೆ ನಾಲ್ಕು ಜೇಬು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. ನಾಲ್ಕನೆಯದರಲ್ಲಿ ಕಿರಾಣಿ ಅಂಗಡಿಯಿಂದ ತಂದ ಮೈಕೈ ನೋವಿನ ಗುಳಿಗೆ. ಮದುವೆ ಮನೆಗಳಿಗೆ ರೊಟ್ಟಿ ಬಡಿಯುವ ಹೆಂಗಸರು ಭುಜ ಸೋತಾಗ ಚಹಾದ ಜೊತೆ ಅದೊಂದನ್ನು ನುಂಗುವುದು ರೂಢಿ. ಯಾರು ನರಳಿದರೂ ಬಾಳವ್ವನ ಸಂಚಿ ಬಿಚ್ಚಿಕೊಳ್ಳುತ್ತಿತ್ತು. ಕೊಡುಗೈ ಹೆಂಗಸು, ಬಾಯಿಯೂ ಅಷ್ಟೇ ಜೋರು.

ಆ ಬಾಯಿ ಕಟ್ಟಿದ್ದು ಯುಗಾದಿಯ ಹೊತ್ತಿಗೆ. ರೊಟ್ಟಿ ಬಡಿದು ಬಂದ ಸಂಜೆಯೇ ಜ್ವರ, ತಲೆ ಸಿಡಿತ, ಬಗ್ಗಿಸಲಾಗದಷ್ಟು ಕುತ್ತಿಗೆ ಬಿಗಿತ. ಆಸ್ಪತ್ರೆ ಸೇರಿ ವಾರದಲ್ಲಿ ಎದ್ದು ಬಂದಳು. ಮೆದುಳು ಜ್ವರವಂತೆ ಎಂದು ಓಣಿಯೆಲ್ಲ ಮಾತಾಯಿತು. ಚೇತರಿಸಿಕೊಂಡು ಮತ್ತೆ ರೊಟ್ಟಿಗೆ ಹೋದಳು, ಅಂದೇ ಮತ್ತೆ ಅದೇ ಜ್ವರದಲ್ಲಿ ಮಲಗಿದಳು. ಈ ಸಲ ಸೊಸೆ ದಾನೇಶ್ವರಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಯಮಕನಮರಡಿಯ ತವರಿಗೆ ಹೊರಟಳು. "ಕೂಸಿಗೂ ಈ ಜ್ವರ ಹತ್ತಿದ್ರ ಏನ್ ಮಾಡ್ಲಿ?" ಎಂದು ಗಂಡ ಲಕ್ಷ್ಮಣನಿಗೆ ಹೇಳಿದ್ದು ಬಾಳವ್ವನ ಕಿವಿಗೂ ಬಿತ್ತು. ಸೊಸೆಯದು ತಪ್ಪೆನ್ನಲು ಮನಸ್ಸು ಬರಲಿಲ್ಲ. ಆದರೆ ಆ ಕೂಸು ಅಜ್ಜಿಯ, ಅದರ ಆಯಿಯ, ಮಡಿಲಲ್ಲಿ ಬಿಟ್ಟರೆ ಬೇರೆಲ್ಲೂ ಉಣ್ಣುತ್ತಿರಲಿಲ್ಲ.

ಈ ಸಲ ಗೋಕಾಕದ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಕಾಲುಗಳ ಬಲವೇ ಹೋಗುತ್ತದೆಂದು ಅವಳು ಹೆದರಿದ್ದಳು; ಹಾಗೇನೂ ಆಗಲಿಲ್ಲ.

"ಆಯಿ, ಮೆದುಳಿನ ಹೊದಿಕಿಗೆ ಬಾವು ಬಂದೈತ್ರಿ," ಎಂದರು ಡಾಕ್ಟರು. "ಆದ್ರ ನೀರಾಗ ಬ್ಯಾಕ್ಟೀರಿಯಾ ಇಲ್ಲ, ವೈರಸ್ಸೂ ಸಿಗವಲ್ದು. ಯಾವ್ದಾರ ಔಷಧ ತಗೋತೀರೇನು?"

"ಬಿ.ಪಿ. ಇಲ್ಲ, ಸಕ್ಕರಿ ಇಲ್ಲ. ನನಗ್ಯಾಕ್ರಿ ಔಷಧ?"

ಸುಳ್ಳು ಹೇಳಲಿಲ್ಲ ಪಾಪ. ಸಂಚಿಯಲ್ಲಿದ್ದದ್ದೆಲ್ಲ ಅವಳ ಪಾಲಿಗೆ ಎಲೆ-ಅಡಿಕೆಯ ಬಳಗ.

ಜ್ವರ ಇಳಿದ ಮೇಲೊಂದು ಬೆಳಿಗ್ಗೆ ಹಾಸಿಗೆ ಸರಿಮಾಡಲು ಬಂದ ನರ್ಸ್ ಅರ್ಚನಾ ಸೊಂಟ ಹಿಡಿದುಕೊಂಡು ನಿಂತಳು. ಬಾಳವ್ವನಿಗೆ ನೋಡಲಾಗಲಿಲ್ಲ. ದಿಂಬಿನ ಕೆಳಗಿನ ಸಂಚಿ ಬಿಚ್ಚಿ ಗುಳಿಗೆ ತೆಗೆದಳು. "ಚಾದ ಜೋಡಿ ಇದೊಂದ್ ನುಂಗವಾ. ರೊಟ್ಟಿ ಬಡಿಯೋ ದಿನ ನಾನೂ ನುಂಗತೇನಿ."

ಅರ್ಚನಾ ಅದನ್ನು ನುಂಗಲಿಲ್ಲ, ನೇರ ಡಾಕ್ಟರ ಕೈಗೆ ಕೊಟ್ಟು ಬಾಳವ್ವನ ಮಾತನ್ನೂ ಹೇಳಿದಳು. ಡಾಕ್ಟರು ಬಂದು ಮಂಚದ ಬಾಜೂ ಕುಳಿತರು. "ಇದು ಭಾಳ ಮಂದಿಗೆ ಹಿಂಗ ಮಾಡಂಗಿಲ್ರಿ. ಎಲ್ಲೋ ಒಬ್ಬರ ಮೈಗೆ, ಮೊದಲ ಒಗ್ಗಿದ್ರೂ, ಒಮ್ಮೆಲೆ ಒಗ್ಗದೇ ಮೆದುಳಿನ ಹೊದಿಕಿಗೆ ಬಾವು ತರತೈತಿ. ಎರಡೂ ಸಲ ನುಂಗಿದ ದಿನಾನ ಮಲಗೀರಿ ನೋಡ್ರಿ. ಇನ್ನ ಇದನ್ನ ಮುಟ್ಟಬ್ಯಾಡ್ರಿ."

ಬಾಳವ್ವ ಕೇಳಿದ್ದು ಒಂದೇ ಮಾತು. "ಕೂಸಿಗೆ ಹತ್ತತೈತೇನ್ರಿ?"

"ಇದು ಯಾರಿಗೂ ಹತ್ತಂಗಿಲ್ರಿ."

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಅವಳು ಮನೆಗೆ ಬಂದ ವಾರಕ್ಕೆ, ಡಾಕ್ಟರ ಮಾತು ತಿಳಿದು, ದಾನೇಶ್ವರಿಯೂ ಬಂದಳು. ಕೂಸು ತಾಯಿಯ ಸೀರೆ ಹಿಡಿದು ಬಾಗಿಲಲ್ಲೇ ನಿಂತಿತು.

"ಅತ್ತಿ, ನನಗ ಅಂಜಿಕಿ ಆಗಿತ್ರಿ."

"ನನಗೂ ಆಗಿತ್ತವಾ. ಸಾಯೋದಕ್ಕಲ್ಲ, ಈ ಕೂಸು ನನ್ನ ಮರ್ತೀತಂತ."

ಕೂಸಿಗೆ ಸಂಚಿ ಕಂಡಿತು. ನಿಧಾನಕ್ಕೆ ಬಂದು ನಾಲ್ಕನೆಯ ಜೇಬಿಗೇ ಕೈ ಹಾಕಿತು. ದಾನೇಶ್ವರಿ ಗಾಬರಿಯಿಂದ ಮುಂದೆ ಬಂದಳು.

"ಇರಲಿ ಬಿಡು," ಎಂದಳು ಬಾಳವ್ವ. "ಈಗ ಅದರಾಗ ಬೆಲ್ಲ ಐತಿ."

ಬೆಲ್ಲ ಚೀಪುತ್ತಾ ಕೂಸು ಆಯಿಯ ಮಡಿಲಲ್ಲಿ ಕುಳಿತು, "ರೊಟ್ಟಿ" ಎಂದಿತು.